ಆಟ ಮತ್ತು ಲೆಕ್ಕ

ಸಂಜೆಯ ಹೊತ್ತಿನಲ್ಲಿ ಊರ ಬಯಲಿನಲ್ಲಿ ಮಕ್ಕಳು ಲಗೋರಿ ಆಡಲು ಸೇರುತ್ತಾರೆ. ಎರಡು ಪಕ್ಷಗಳಾಗುತ್ತವೆ. ಚಪ್ಪಟೆಯಾದ ಕಲ್ಲುಗಳು ಒಂದರ ಮೇಲೊಂದು ನಿಲ್ಲುತ್ತವೆ. ಇನ್ನೇನು ಚೆಂಡನ್ನು ಎಸೆಯಬೇಕು ಎನ್ನುವಷ್ಟರಲ್ಲಿ ಯಾರದೋ ಮನೆಯ ಐದು ವರ್ಷದ ಮಗುವೊಂದು ತಾನೂ ಆಡಬೇಕೆಂದು ಹಟ ಹಿಡಿದು ಅಳತೊಡಗುತ್ತದೆ. ದೊಡ್ಡ ಮಕ್ಕಳು ಅದನ್ನು ಗದರಿಸಿ ಮನೆಗೆ ಅಟ್ಟುವುದಿಲ್ಲ. ಒಂದು ಪಕ್ಷದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅದು ಎಲ್ಲರೊಡನೆ ಓಡಬಹುದು, ಕೂಗಬಹುದು, ಬಿದ್ದ ಕಲ್ಲನ್ನು ಎತ್ತಿಡಲೂಬಹುದು. ಆದರೆ ಚೆಂಡು ಅದರ ಬೆನ್ನಿಗೆ ತಗಲಿದರೆ ಆ ಪಕ್ಷಕ್ಕೆ ನಷ್ಟವಿಲ್ಲ. ಅದು ಕಲ್ಲು ಪೇರಿಸಿದರೆ ಲಾಭವೂ ಇಲ್ಲ. ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗುವಿಗೆ ಮಾತ್ರ ಈ ಒಪ್ಪಂದ ತಿಳಿದಿರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಬೆವರಿ, ಎಲ್ಲರಿಗಿಂತ ಹೆಚ್ಚು ನಕ್ಕು ಅದು ಮನೆಗೆ ಹೋಗುತ್ತದೆ.

ಬೆಳೆದವರ ಬಾಯಲ್ಲಿ ಈ ನುಡಿಗಟ್ಟು ಹೀಯಾಳಿಕೆಯ ಮಾತಾಗಿದೆ. ಸಭೆಯಲ್ಲಿ ಕುಳಿತಿದ್ದರೂ ಯಾರೂ ಅಭಿಪ್ರಾಯ ಕೇಳದವನನ್ನು, ಮನೆಯಲ್ಲಿದ್ದರೂ ಮಾತಿಗೆ ಬೆಲೆಯಿಲ್ಲದವನನ್ನು ಹೀಗೆ ಕರೆಯುವುದುಂಟು. ಆದರೆ ಅದರೊಳಗೆ ಆಳವಾದ ಒಂದು ತಿಳಿವಳಿಕೆ ಅಡಗಿದೆ. ಆಟ ಬೇರೆ, ಲೆಕ್ಕ ಬೇರೆ. ಲೆಕ್ಕದ ಹೊರಗೆ ನಿಂತೂ ಒಬ್ಬನು ಆಟದ ಒಳಗಿರಬಲ್ಲನು ಎಂಬುದೇ ಆ ತಿಳಿವಳಿಕೆ. ಇಂದು ಕ್ರೀಡೆಯೆಂದೊಡನೆ ಕಣ್ಣ ಮುಂದೆ ಬಂದು ನಿಲ್ಲುವುದು ಅಂಕಪಟ್ಟಿ, ಗಡಿಯಾರ, ಪದಕಗಳ ಸಾಲು. ಲೆಕ್ಕವೇ ಆಟದ ಜೀವವೆಂದು ತೋರುತ್ತದೆ. ಲೋಕದ ಬೇರೆ ಬೇರೆ ಜನ ಆಡುವ ಬಗೆಯನ್ನು ಹತ್ತಿರದಿಂದ ಕಂಡ ಮಾನವಶಾಸ್ತ್ರಜ್ಞರು ಮಾತ್ರ ಈ ಭಾವನೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಕನ್ನಡದ 'ಆಡು' ಎಂಬ ಧಾತುವನ್ನೇ ನೋಡಬಹುದು. ಮಕ್ಕಳು ಚಿಣ್ಣಿದಾಂಡು ಆಡುತ್ತಾರೆ, ದೊಡ್ಡವರು ಮಾತಾಡುತ್ತಾರೆ, ಜಗಳವಾಡುತ್ತಾರೆ, ಗೆಳೆಯರು ಒಡನಾಡುತ್ತಾರೆ, ತೆನೆ ಗಾಳಿಗೆ ತೂಗಾಡುತ್ತದೆ. ರಾತ್ರಿಯೆಲ್ಲ ನಡೆಯುವ ಯಕ್ಷಗಾನ ಬಯಲಾಟವಾಗುತ್ತದೆ. ಈ ವಿಸ್ತಾರವಾದ ಬಳಕೆಯಲ್ಲಿ ಸೋಲು ಗೆಲುವಿನ ಸೂಚನೆ ಎಲ್ಲಿಯೂ ಇಲ್ಲ. ಅಲುಗಾಟ, ಕೂಡಾಟ, ಬದುಕಿನ ಚಲನೆ ಇವೇ ಆ ಧಾತುವಿನ ತಿರುಳು. ಶಾಲೆಯ ವೇಳಾಪಟ್ಟಿಯಲ್ಲಿ ಅದು 'ಕ್ರೀಡೆ'ಯಾದ ಮೇಲೆ ಕೈಯಲ್ಲಿ ಸೀಟಿ ಹಿಡಿದು ನಿಂತಿತು.

ಲೆಕ್ಕಕ್ಕೆ ಇಂದು ದೊರೆತಿರುವ ಮಹತ್ವ ಬಹಳ ಹಳೆಯದೇನೂ ಅಲ್ಲ. ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ನಡೆಯುತ್ತಿದ್ದ ಓಟಗಳನ್ನು ಆಧುನಿಕ ಕ್ರೀಡೆಯ ತಾಯಿಬೇರು ಎನ್ನುತ್ತಾರೆ. ಅಲ್ಲಿ ಗೆದ್ದವನ ಹೆಸರು ಉಳಿಯುತ್ತಿತ್ತು. ಅವನ ತಲೆಗೆ ಆಲಿವ್ ಎಲೆಗಳ ಕಿರೀಟ ಏರುತ್ತಿತ್ತು. ಅವನು ಎಷ್ಟು ಹೊತ್ತಿನಲ್ಲಿ ಓಡಿದನೆಂಬುದನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೂ ಪ್ರಯೋಜನವಿರಲಿಲ್ಲ, ಒಲಿಂಪಿಯಾದ ಓಟದ ಅಂಕಣ ಸುಮಾರು 192 ಮೀಟರ್, ಡೆಲ್ಫಿಯದು ಸುಮಾರು 178 ಮೀಟರ್. ಒಂದೂರಿನ ಓಟವನ್ನು ಇನ್ನೊಂದೂರಿನ ಓಟದೊಡನೆ ತೂಗಿ ನೋಡಬೇಕೆಂಬ ಆಸೆಯೇ ಅವರಿಗೆ ಇದ್ದಂತೆ ಕಾಣುವುದಿಲ್ಲ. ಅಮೆರಿಕದ ವಿದ್ವಾಂಸ ಆಲನ್ ಗಟ್‌ಮನ್ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶವನ್ನು ಎತ್ತಿ ತೋರಿಸಿದ. ಎಲ್ಲವನ್ನೂ ಅಳೆಯುವುದು, ಅಳತೆಯನ್ನು ದಾಖಲೆಯಾಗಿ ಕಾಪಾಡುವುದು, ಸತ್ತವನೊಡನೆಯೂ ಇನ್ನೂ ಹುಟ್ಟದವನೊಡನೆಯೂ ಸ್ಪರ್ಧಿಸುವುದು ಆಧುನಿಕ ಕಾಲದ ಕ್ರೀಡೆಗೆ ಮಾತ್ರ ವಿಶಿಷ್ಟವಾದ ಲಕ್ಷಣವೆಂಬುದು ಅವನ ವಾದ.

ಆಟದ ನಿಯಮಗಳ ಮಾತು ಹಾಗಿರಲಿ. ಆಡುವ ಮೈಯೇ ಸಮಾಜದಿಂದ ಪಾಠ ಕಲಿತದ್ದು ಎಂದು ತೋರಿಸಿದವನು ಫ್ರಾನ್ಸಿನ ಮಾರ್ಸೆಲ್ ಮೋಸ್. 1934ರಲ್ಲಿ ಅವನು ಮಾಡಿದ ಒಂದು ಉಪನ್ಯಾಸ ಈ ವಿಷಯದಲ್ಲಿ ಬಹು ಪ್ರಸಿದ್ಧವಾಗಿದೆ. ನಡೆಯುವುದು, ಓಡುವುದು, ಈಜುವುದು, ಕುಕ್ಕರಗಾಲಿನಲ್ಲಿ ಕೂರುವುದು ಇವೆಲ್ಲ ಹುಟ್ಟಿನಿಂದಲೇ ಬಂದವೆಂದು ಜನ ತಿಳಿಯುತ್ತಾರೆ. ಮೋಸ್ ಇದನ್ನು ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ತಾನು ಕಂಡ ಒಂದು ಸಂಗತಿಯನ್ನು ಅವನು ಹೇಳಿದ. ಕಂದಕ ತೋಡುವ ಕೆಲಸದಲ್ಲಿ ಇಂಗ್ಲಿಷ್ ಸೈನಿಕರಿಗೆ ಫ್ರೆಂಚ್ ಸನಿಕೆಗಳನ್ನು ಕೊಟ್ಟರೆ ಅವರಿಂದ ತೋಡಲಾಗುತ್ತಿರಲಿಲ್ಲ. ಒಂದು ದೇಶದ ಪಡೆ ಇನ್ನೊಂದರ ಜಾಗಕ್ಕೆ ಬಂದಾಗಲೆಲ್ಲ ಒಂದೊಂದು ಡಿವಿಜನ್‌ಗೆ 8000 ಸನಿಕೆಗಳನ್ನು ಬದಲಾಯಿಸಬೇಕಾಗುತ್ತಿತ್ತು. ಮಣ್ಣು ಒಂದೇ, ಕೈಗಳೂ ಎರಡೇ. ಆದರೆ ಕೈ ಕಲಿತ ವಿದ್ಯೆ ಬೇರೆ.

ಈಜಿನ ವಿಷಯದಲ್ಲಿ ಮೋಸ್ ತನ್ನನ್ನೇ ಉದಾಹರಣೆಯಾಗಿ ಕೊಟ್ಟ. ಅವನ ಬಾಲ್ಯದಲ್ಲಿ ಈಜುಗಾರರು ಬಾಯಲ್ಲಿ ನೀರು ತುಂಬಿಕೊಂಡು ಹೊರಗುಗುಳುತ್ತ, ಉಗಿಹಡಗಿನಂತೆ ಮುಂದೆ ಸಾಗುತ್ತಿದ್ದರು. ಆ ರೂಢಿ ತಪ್ಪೆಂದು ಮುಂದೆ ಎಲ್ಲರೂ ಬಿಟ್ಟರು. ಅವನಿಗೂ ಅದು ತಪ್ಪೆಂದು ಗೊತ್ತು. ಆದರೂ ನೀರಿಗಿಳಿದರೆ ತನ್ನ ಬಾಯಿ ಅದನ್ನೇ ಮಾಡುತ್ತದೆಂದು ಅವನು ಒಪ್ಪಿಕೊಂಡ. ಪಂಡಿತನ ತಲೆ ಒಂದು ಹೇಳಿದರೆ ಮೈ ಇನ್ನೊಂದು ಹೇಳಿತು. ಸನಿಕೆ ಹಿಡಿಯುವ ರೀತಿಯೇ ಹೀಗೆ ಜನದಿಂದ ಜನಕ್ಕೆ ಬೇರೆಯಾಗುವುದಾದರೆ, ಒಂದು ಜನದ ಆಟ ಇನ್ನೊಂದು ಜನದ ಕೈಗೆ ಬಂದಾಗ ಏನಾದೀತು? ಇದಕ್ಕೆ ಉತ್ತರವಾಗಿ ಮಾನವಶಾಸ್ತ್ರಜ್ಞರು ಮೊದಲು ಹೆಸರಿಸುವುದು ಟ್ರೋಬ್ರಿಯಂಡ್ ದ್ವೀಪಗಳ ಕ್ರಿಕೆಟ್ಟನ್ನು.

ನ್ಯೂಗಿನಿ ಎಂಬ ದೊಡ್ಡ ದ್ವೀಪದ ಪೂರ್ವ ತುದಿಯ ಬಳಿ, ಸಾಲೊಮನ್ ಸಮುದ್ರದಲ್ಲಿ, ಹವಳದಿಂದಾದ ಈ ತಗ್ಗು ದ್ವೀಪಗಳಿವೆ. ಇಂದು ಇವು ಪಪುವಾ ನ್ಯೂಗಿನಿ ದೇಶಕ್ಕೆ ಸೇರಿವೆ. 1915ರಿಂದ 1918ರ ನಡುವೆ ಮ್ಯಾಲಿನೊವ್‌ಸ್ಕಿ ಎಂಬ ವಿದ್ವಾಂಸ ಇಲ್ಲಿ ಎರಡು ಬಾರಿ ದೀರ್ಘಕಾಲ ನೆಲೆಸಿ, ಜನರ ಭಾಷೆ ಕಲಿತು, ಅವರ ನಡುವೆ ಬದುಕಿ ಬರೆದ ಪುಸ್ತಕಗಳಿಂದ ಈ ದ್ವೀಪಗಳ ಹೆಸರು ಲೋಕಕ್ಕೆಲ್ಲ ತಿಳಿಯಿತು. ಇಲ್ಲಿನ ಜನರಿಗೆ ಬಳ್ಳಿಯಲ್ಲಿ ಬೆಳೆಯುವ ಯಾಮ್ ಎಂಬ ದೊಡ್ಡ ಗೆಡ್ಡೆಯೇ ಅನ್ನ. ಅದೇ ಐಶ್ವರ್ಯ, ಅದೇ ಮರ್ಯಾದೆ. ಅಡಿಕೆಯನ್ನು ಸುಣ್ಣದೊಡನೆ ಮೆಲ್ಲುವ ಅವರ ಅಭ್ಯಾಸ ಮಲೆನಾಡಿನವರಿಗೂ ಕರಾವಳಿಯವರಿಗೂ ಹೊಸದೆನಿಸಲಾರದು. ಹಳ್ಳಿ ಹಳ್ಳಿಗಳ ನಡುವೆ ಹಿಂದೆ ಈಟಿ ಗುರಾಣಿ ಹಿಡಿದ ಕಾಳಗಗಳೂ ನಡೆಯುತ್ತಿದ್ದವು. ಪರದೇಶದ ಆಡಳಿತ ಬಂದು ಕಾಳಗವನ್ನು ನಿಷೇಧಿಸಿತು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಗಿಲ್‌ಮೋರ್ ಎಂಬ ಮೆಥಡಿಸ್ಟ್ ಮಿಷನರಿ ಈ ಜನಕ್ಕೆ ಕ್ರಿಕೆಟ್ ಕಲಿಸಿದ. ಅವನ ಉದ್ದೇಶ ಸರಳವಾಗಿತ್ತು. ಕಾದಾಟದ ಹುಮ್ಮಸ್ಸು ಶಾಂತವಾದ ಆಟವೊಂದರಲ್ಲಿ ಕರಗಿಹೋಗಲಿ. ಬಿಳಿಯ ಉಡುಗೆ, ಮೌನ, ಶಿಸ್ತು, ಅಂಪೈರನಿಗೆ ತಲೆಬಾಗುವ ಗುಣ ಇವರಿಗೂ ಬರಲಿ ಎಂಬುದು ಅವನ ಹಂಬಲ. ಜನ ಆಟವನ್ನು ಸಂತೋಷದಿಂದ ಕಲಿತರು. ಮಿಷನ್ನಿನ ಅಂಗಳದಿಂದ ಅದನ್ನು ತಮ್ಮ ಹಳ್ಳಿಗೆ ಒಯ್ದರು. ಹಳ್ಳಿಯನ್ನು ಸೇರಿದ ಮೇಲೆ ಅದು ಮಿಷನರಿಯ ಆಟವಾಗಿ ಉಳಿಯಲಿಲ್ಲ.

ಚೆಂಡೆಸೆಯುವ ಕೈ ಈಟಿ ಎಸೆಯುವ ವರಸೆಗೆ ಹೊರಳಿತು. ತಲೆಮಾರುಗಳಿಂದ ಈಟಿ ಹಿಡಿದ ತೋಳಿಗೆ ಅದೇ ಸಹಜ. ಮೋಸ್ ಹೇಳಿದ ಸನಿಕೆಯ ಕಥೆ ಇಲ್ಲಿ ಚೆಂಡಿನ ಕಥೆಯಾಯಿತು. ಹಾಗೆ ಎಸೆದ ಚೆಂಡು ಗುರಿ ತಪ್ಪುವುದು ಅಪರೂಪವಾದುದರಿಂದ ವಿಕೆಟ್‌ಗಳ ಅಳತೆಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಂಡರು. ಚೆಂಡನ್ನು ಮರದಲ್ಲಿ ಕಡೆದರು. ದಾಂಡುಗಳಿಗೆ ಹಿಂದೆ ಯುದ್ಧದ ಗುರಾಣಿಗೆ ಬಳಿಯುತ್ತಿದ್ದ ಕಪ್ಪು ಬಿಳಿ ಬಣ್ಣಗಳು ಬಂದವು. ಪಕ್ಷಕ್ಕೆ ಹನ್ನೊಂದು ಜನ ಮಾತ್ರ ಎಂಬ ಕಟ್ಟಳೆ ಹೋಯಿತು. ಹಳ್ಳಿಯಿಂದ ಎಷ್ಟು ಗಂಡಸರು ಬಂದರೂ ಆಡಬಹುದು, ನಲವತ್ತಾದರೂ ಐವತ್ತಾದರೂ ಸರಿ. ಎದುರು ಪಕ್ಷದಲ್ಲಿಯೂ ಅಷ್ಟೇ ಜನರಿದ್ದರೆ ಸಾಕು. ಬಂದವನನ್ನು ಅಂಕಣದ ಹೊರಗೆ ಕೂರಿಸಿ ನೋಡುಗನನ್ನಾಗಿ ಮಾಡುವ ಪದ್ಧತಿ ಅವರಿಗೆ ಹಿಡಿಸಲಿಲ್ಲ.

ಪಂದ್ಯದ ದಿನ ಆಟಗಾರರು ಮೈಗೆ ಬಣ್ಣ ಹಚ್ಚಿ, ಗರಿ ಹೂಗಳಿಂದ ಸಿಂಗರಿಸಿಕೊಂಡು, ಸಾಲುಸಾಲಾಗಿ ಹಾಡುತ್ತ ಕುಣಿಯುತ್ತ ಅಂಕಣಕ್ಕೆ ಬರುತ್ತಾರೆ. ಮಳೆ ಬಾರದಿರಲೆಂದು, ಎದುರಾಳಿಯ ಚೆಂಡು ದಾರಿ ತಪ್ಪಲೆಂದು ಮಂತ್ರಗಳನ್ನು ಹೇಳುತ್ತಾರೆ. ಇವು ಹಿಂದೆ ಕಾಳಗಕ್ಕೆ ಹೊರಟಾಗ ಹೇಳುತ್ತಿದ್ದ ಮಂತ್ರಗಳ ಬಳಗಕ್ಕೆ ಸೇರಿದವು. ದಾಂಡಿಗನೊಬ್ಬ ಔಟಾದೊಡನೆ ಚೆಂಡು ಹಿಡಿಯುವ ಪಕ್ಷದವರೆಲ್ಲ ಒಟ್ಟಾಗಿ ತಮ್ಮ ಪಕ್ಷದ ಕುಣಿತವನ್ನು ಕುಣಿಯುತ್ತಾರೆ. ಒಂದು ಪಕ್ಷದ ಕುಣಿತ ವಿಮಾನದ್ದು. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷದ ಪಡೆಗಳು ಈ ದ್ವೀಪದಲ್ಲಿ ವಿಮಾನ ನಿಲ್ದಾಣ ಕಟ್ಟಿದ್ದವು. ಆಗ ಆಕಾಶದಲ್ಲಿ ಕಂಡದ್ದನ್ನು ಅವರು ತೋಳುಗಳನ್ನು ರೆಕ್ಕೆಯಂತೆ ಚಾಚಿ ಕುಣಿತಕ್ಕೆ ಇಳಿಸಿದರು. ಇನ್ನೊಂದು ಹಾಡು ಅಂಟುವ ಚೂಯಿಂಗ್ ಗಮ್ಮಿನದು: ಚೆಂಡು ನಮ್ಮ ಕೈಗೆ ಹಾಗೆ ಅಂಟಿಕೊಳ್ಳುತ್ತದೆ ಎಂಬುದು ಅದರ ಹೆಮ್ಮೆ. ಗಂಭೀರವಾದುದನ್ನೂ ತಮಾಷೆಯನ್ನೂ ಅವರು ಬೇರೆ ಬೇರೆ ಡಬ್ಬಿಗಳಲ್ಲಿ ಇಡಲಿಲ್ಲ.

ಹೊರಗಿನವರಿಗೆ ಅತಿ ವಿಚಿತ್ರವೆನಿಸುವ ನಿಯಮವೊಂದು ಉಳಿದಿದೆ. ಪಂದ್ಯಕ್ಕೆ ಕರೆದ ಹಳ್ಳಿಯೇ ಗೆಲ್ಲಬೇಕು. ಅತಿಥಿಗಳು ಸೋಲಬೇಕು, ಆದರೆ ಅವರನ್ನು ತೀರ ದೊಡ್ಡ ಅಂತರದಿಂದ ಸೋಲಿಸುವಂತಿಲ್ಲ. ಆಟ ಮುಗಿದ ಮೇಲೆ ಆತಿಥೇಯರು ಯಾಮ್ ಗೆಡ್ಡೆಗಳನ್ನೂ ಅಡಿಕೆಯನ್ನೂ ರಾಶಿ ಹಾಕಿ ಅತಿಥಿಗಳಿಗೆ ಹಂಚುತ್ತಾರೆ. ಮತ್ತೊಂದು ಸಲ ಆ ಹಳ್ಳಿಯವರು ಇವರನ್ನು ಕರೆಯುತ್ತಾರೆ. ಆಗ ಗೆಲುವು ಅವರದು, ಊಟದ ಹೊರೆಯೂ ಅವರದೇ. ಫಲಿತಾಂಶ ಮೊದಲೇ ಗೊತ್ತಿರುವ ಪಂದ್ಯ ಎಂಥ ಪಂದ್ಯ ಎಂದು ಲಂಡನ್ನಿನ ಪ್ರೇಕ್ಷಕ ಕೇಳಿಯಾನು. ಮದುವೆ ಮನೆಯಲ್ಲಿ ಕೊನೆಗೆ ತಾಳಿ ಕಟ್ಟುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅದಕ್ಕಾಗಿ ಯಾರಾದರೂ ಮದುವೆಗೆ ಹೋಗದೆ ಉಳಿಯುವುದುಂಟೆ?

ಈ ಆಟವನ್ನು ಜೆರಿ ಲೀಚ್ ಎಂಬ ಮಾನವಶಾಸ್ತ್ರಜ್ಞ ಮತ್ತು ಗ್ಯಾರಿ ಕಿಲ್ಡಿಯಾ ಎಂಬ ಚಿತ್ರನಿರ್ದೇಶಕ 1970ರ ದಶಕದಲ್ಲಿ ಚಲನಚಿತ್ರವಾಗಿ ಸೆರೆಹಿಡಿದರು. ಪಪುವಾ ನ್ಯೂಗಿನಿ ಸ್ವತಂತ್ರವಾದುದು 1975ರಲ್ಲಿ. ಆ ಹೊತ್ತಿನಲ್ಲಿ ಈ ಚಿತ್ರಕ್ಕೆ ಬೇರೊಂದು ಅರ್ಥವೂ ಬಂದಿತು. ಆಳುವವರು ಕೊಟ್ಟ ಆಟವನ್ನು ದ್ವೀಪದ ಜನ ತಿರಸ್ಕರಿಸಲಿಲ್ಲ, ಅನುಕರಿಸಲೂ ಇಲ್ಲ. ತಿರುಚಿ, ಬಣ್ಣ ಬಳಿದು ತಮ್ಮದಾಗಿಸಿಕೊಂಡರು. ಅವರಿಗೆ ಕ್ರಿಕೆಟ್ ಬರುವುದಿಲ್ಲವೆಂದು ನಕ್ಕವರಿಗೆ ಆಟವೆಂದರೇನು ಎಂಬುದೇ ತಿಳಿದಿರಲಿಲ್ಲವೆಂದು ಹೇಳಬೇಕಾಗುತ್ತದೆ.

ಹಾಗೆಂದು ಈ ಜನಕ್ಕೆ ಲೆಕ್ಕವೇ ಬಾರದು, ಸ್ಪರ್ಧೆಯೇ ತಿಳಿಯದು ಎಂದು ಭಾವಿಸಿದರೆ ಅದು ದೊಡ್ಡ ತಪ್ಪು. ಸುಗ್ಗಿಯಲ್ಲಿ ಯಾರ ತೋಟದಿಂದ ಎಷ್ಟು ಬುಟ್ಟಿ ಗೆಡ್ಡೆ ಬಂತು ಎಂಬುದನ್ನು ಅವರು ಬಹಿರಂಗವಾಗಿ ಎಣಿಸುತ್ತಾರೆ. ಆ ಎಣಿಕೆಯಲ್ಲಿ ಸೋತವನಿಗೆ ನಾಚಿಕೆ ತಪ್ಪಿದ್ದಲ್ಲ. ಕ್ರಿಕೆಟ್ಟಿನ ನಂತರದ ಔತಣದಲ್ಲಿಯೂ ಕೊಡುವವರ ಔದಾರ್ಯವನ್ನು ತೂಗಿ ನೋಡುವ ಕಣ್ಣುಗಳು ಬೇಕಾದಷ್ಟಿರುತ್ತವೆ. ಲೆಕ್ಕ ಅಲ್ಲಿಯೂ ಉಂಟು. ಅದು ಓಟಗಳ ಮೇಲಿಲ್ಲ, ಗೆಡ್ಡೆಗಳ ಮೇಲಿದೆ.

ಅದೇ ನ್ಯೂಗಿನಿಯ ಎತ್ತರದ ಬೆಟ್ಟಸೀಮೆಯಲ್ಲಿ ಗಹುಕು-ಗಾಮ ಎಂಬ ಜನರಿದ್ದಾರೆ. 1950ರ ಆಚೀಚೆ ಅವರ ನಡುವೆ ವಾಸಿಸಿದ ಕೆನೆತ್ ರೀಡ್ ಎಂಬ ವಿದ್ವಾಂಸ ಅವರ ಫುಟ್‌ಬಾಲನ್ನು ಕಂಡ. ಅವರು ಹಲವು ದಿನ ಒಂದೇ ಸಮನೆ ಆಡುತ್ತಾರೆ. ಒಂದು ಪಕ್ಷ ಮುಂದಾದರೆ ಆಟ ನಿಲ್ಲುವುದಿಲ್ಲ. ಎರಡು ಪಕ್ಷಗಳ ಗೆಲುವುಗಳು ಸಮವಾಗುವವರೆಗೆ ಎಷ್ಟು ಪಂದ್ಯಗಳಾದರೂ ಸರಿ, ನಡೆಯುತ್ತಲೇ ಇರುತ್ತವೆ. ಸಮವಾದಾಗ ಆಟ ಮುಗಿಯಿತು. ಇದನ್ನೇ ಎತ್ತಿಕೊಂಡು ಲೆವಿಸ್ಟ್ರಾಸ್ ಎಂಬ ಫ್ರೆಂಚ್ ಚಿಂತಕ 1962ರ ತನ್ನ ಗ್ರಂಥದಲ್ಲಿ ಒಂದು ಸೊಗಸಾದ ಭೇದವನ್ನು ಮಾಡಿದ. ಸ್ಪರ್ಧೆ ಸಮಾನರಾಗಿ ನಿಂತವರಿಂದ ತೊಡಗಿ ಅವರನ್ನು ಗೆದ್ದವರು ಸೋತವರೆಂದು ಒಡೆಯುತ್ತದೆ. ಆಚರಣೆ ಬೇರೆಯಾಗಿ ನಿಂತವರಿಂದ ತೊಡಗಿ ಅವರನ್ನು ಒಂದುಗೂಡಿಸುತ್ತದೆ. ಗಹುಕು-ಗಾಮರು ಫುಟ್‌ಬಾಲನ್ನು ಆಚರಣೆಯಂತೆ ಆಡುತ್ತಾರೆ ಎಂಬುದು ಅವನ ನಿರ್ಣಯ.

ಉತ್ತರ ಅಮೆರಿಕದ ಮೆಸ್ಕ್ವಾಕಿ ಜನರ ಸಂಗತಿಯನ್ನೂ ಅವನು ಅದೇ ಸಂದರ್ಭದಲ್ಲಿ ಹೇಳುತ್ತಾನೆ. ಹೊರಗಿನವರು ಇವರನ್ನು ಫಾಕ್ಸ್ ಜನ ಎನ್ನುತ್ತಾರೆ. ಅವರಲ್ಲಿ ಯಾರಾದರೂ ಸತ್ತರೆ, ಅವರ ಸ್ಥಾನದಲ್ಲಿ ಬದುಕಿರುವ ಒಬ್ಬನನ್ನು ಬಂಧುವಾಗಿ ಸ್ವೀಕರಿಸುವ ವಿಧಿಯೊಂದುಂಟು. ಅದರೊಡನೆ ಎರಡು ಪಾಲಾಗಿ ಆಟವಾಡುತ್ತಾರೆ. ಸತ್ತವನು ಯಾವ ಪಾಲಿಗೆ ಸೇರಿದವನೋ ಆ ಪಾಲಿನವರೇ ಗೆಲ್ಲುತ್ತಾರೆ. ಬದುಕಿರುವವರು ಸತ್ತವನಿಗೆ ಕೊಡಬಹುದಾದ ಕೊನೆಯ ಉಡುಗೊರೆ ಒಂದು ಗೆಲುವು. ಅದನ್ನು ಪಡೆದು ಅವನು ಅಸೂಯೆಯಿಲ್ಲದೆ ಹೊರಟುಹೋಗಲಿ ಎಂದು ಅವರ ಆಶಯ.

ಇಂಥ ಸಂಗತಿಗಳನ್ನು ಓದುವಾಗ ದೂರದ ಜನರನ್ನೆಲ್ಲ ಮುಗ್ಧರೆಂದೋ ಅತಿಮಾನುಷರೆಂದೋ ಕಲ್ಪಿಸಿಕೊಳ್ಳುವ ಅಪಾಯವೂ ಇದೆ. ಮೆಕ್ಸಿಕೋದ ಚಿವಾವಾ ಸೀಮೆಯ ಬೆಟ್ಟಗಳಲ್ಲಿ ರರಾಮುರಿ ಎಂಬ ಜನರಿದ್ದಾರೆ. ತರಾಹುಮಾರ ಎಂಬುದು ಅವರಿಗೆ ಇತರರು ಇಟ್ಟ ಹೆಸರು. ಅವರ ಗಂಡಸರು ಎರಡು ಪಕ್ಷವಾಗಿ ಮರದ ಚೆಂಡೊಂದನ್ನು ಕಾಲಿನಿಂದ ಚಿಮ್ಮುತ್ತ ಹಗಲಿರುಳು ಬೆಟ್ಟದ ಹಾದಿಯಲ್ಲಿ ಓಡುತ್ತಾರೆ. ಹೆಂಗಸರು ಕೋಲಿನಿಂದ ಬಳೆಯೊಂದನ್ನು ಎಸೆಯುತ್ತ ಓಡುವ ಓಟ ಬೇರೆಯೇ ಇದೆ. ಊರವರು ಪಂಜು ಹಿಡಿದು ದಾರಿ ತೋರುತ್ತಾರೆ, ಪಣ ಕಟ್ಟುತ್ತಾರೆ, ದಣಿದವರ ಜೊತೆಗೆ ತಾವೂ ಸ್ವಲ್ಪ ದೂರ ಓಡುತ್ತಾರೆ. ಇವರ ಖ್ಯಾತಿಯನ್ನು ಕೇಳಿ 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನ ಮ್ಯಾರಥಾನಿಗೆ ಇವರಲ್ಲಿ ಇಬ್ಬರನ್ನು ಮೆಕ್ಸಿಕೋ ಕಳುಹಿಸಿತು. ಅವರಿಗೆ ಪದಕ ಬರಲಿಲ್ಲ. ಹಗಲಿರುಳು ಓಡುವವರು ನಲವತ್ತೆರಡು ಕಿಲೋಮೀಟರ್‌ನಲ್ಲಿ ಹಿಂದೆ ಬಿದ್ದದ್ದು ಹೇಗೆ ಎಂದು ಜನ ಬೆರಗಾದರು. 2020ರಲ್ಲಿ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನವೊಂದು ಈ ಬೆರಗಿನ ಬೇರನ್ನೇ ಕಿತ್ತಿತು. ರರಾಮುರಿಗಳು ಹುಟ್ಟಿನಿಂದ ವಿಶೇಷ ಶಕ್ತಿ ಪಡೆದವರೆಂಬುದು ಹೊರಗಿನವರ ಕಲ್ಪನೆ. ಹೊಲದ ದುಡಿಮೆ, ಬೆಟ್ಟದ ನಡಿಗೆ, ರಾತ್ರಿಯೆಲ್ಲ ನಡೆಯುವ ಕುಣಿತ ಇವುಗಳಿಂದ ಅವರ ಮೈ ಗಟ್ಟಿಯಾಗಿದೆ, ಮತ್ತು ಅವರ ಓಟಕ್ಕೆ ಪ್ರಾರ್ಥನೆಯ ಅರ್ಥವೂ ಇದೆ ಎಂದು ಆ ಲೇಖನ ತೋರಿಸಿತು. ಪ್ರಾರ್ಥನೆಯ ವೇಗವನ್ನು ಗಡಿಯಾರದಿಂದ ಅಳೆದವರು ಫಲಿತಾಂಶ ಕಂಡು ನಿರಾಶರಾದರು, ಅಷ್ಟೆ.

ಅದೇ 2020ರ ಫೆಬ್ರವರಿಯಲ್ಲಿ ಇಂಥದೇ ಒಂದು ಬೆರಗು ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿತು. ದಕ್ಷಿಣ ಕನ್ನಡ ಜಿಲ್ಲೆಯ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರರು ಜೋಡಿ ಕೋಣಗಳೊಡನೆ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಇದನ್ನು ನೂರು ಮೀಟರಿಗೆ ಇಳಿಸಿ ಗುಣಿಸಿ ಭಾಗಿಸಿದರು, 9.55 ಸೆಕೆಂಡು ಬಂತು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಸುದ್ದಿ ದೇಶವನ್ನೆಲ್ಲ ಸುತ್ತಿತು. ಅಂದಿನ ಕೇಂದ್ರ ಕ್ರೀಡಾ ಸಚಿವರು ಅವರನ್ನು ಓಟದ ಪರೀಕ್ಷೆಗೆ ಆಹ್ವಾನಿಸಿದರು. ಕೆಲವೇ ದಿನಗಳಲ್ಲಿ ಇನ್ನೊಬ್ಬ ಓಟಗಾರರು ಇನ್ನೂ ಕಡಿಮೆ ಹೊತ್ತಿನ ಲೆಕ್ಕ ತಂದರು.

ಆ ಗುಣಾಕಾರದಲ್ಲಿ ಕೋಣಗಳು ಬಿಟ್ಟುಹೋಗಿದ್ದವು. ಕಂಬಳದ ಓಟಗಾರನ ಕೈಯಲ್ಲಿ ಹಗ್ಗವಿರುತ್ತದೆ. ಮುಂದೆ ನುಗ್ಗುವ ಎರಡು ಕೋಣಗಳ ಬಲ ಅದರ ಮೂಲಕ ಅವನ ಮೈಗೆ ಹರಿಯುತ್ತದೆ. ಆ ಎಳೆತಕ್ಕೆ ಬೀಳದೆ, ಕೆಸರಿನಲ್ಲಿ ಜಾರದೆ, ಕೋಣಗಳು ದಿಕ್ಕು ತಪ್ಪದಂತೆ ಸಂಬಾಳಿಸುತ್ತ ಓಡುವುದು ಬೇರೆಯೇ ಒಂದು ವಿದ್ಯೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಬಲ್ಲವರು ಆ ಓಟಗಾರರೇ. ಕಂಬಳದಲ್ಲಿ ಹಿಮ್ಮಡಿಯ ಬಲದಿಂದ ಓಡಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳ ಬಲದಿಂದ. ಓಟದಲ್ಲಿ ಕೋಣಗಳ ಪಾಲೂ ಉಂಟು ಎಂಬ ಅರ್ಥದ ಮಾತನ್ನು ಹೇಳಿ ಅವರು ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಮಾರ್ಸೆಲ್ ಮೋಸ್ ಒಂದು ಉಪನ್ಯಾಸದಲ್ಲಿ ಹೇಳಿದ್ದನ್ನು ಕೆಸರುಗದ್ದೆಯ ಓಟಗಾರರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು.

ಕಂಬಳಕ್ಕೂ ಗಡಿಯಾರ ತಡವಾಗಿ ಬಂದದ್ದು. ಸಾಂಪ್ರದಾಯಿಕ ಕಂಬಳ ಗದ್ದೆಯ ಹಬ್ಬ. ಮನೆತನದ ದೊಡ್ಡ ಗದ್ದೆಯನ್ನು ಹದಗೊಳಿಸಿ, ದೈವಗಳನ್ನು ನೆನೆದು, ಸಿಂಗರಿಸಿದ ಕೋಣಗಳನ್ನು ವಾದ್ಯಗಳೊಡನೆ ತಂದು ಜೋಡಿ ಜೋಡಿಯಾಗಿ ಒಂದಾದ ಮೇಲೊಂದರಂತೆ ಓಡಿಸುತ್ತಿದ್ದರು. ಕೆಲವು ಕಡೆ ಗದ್ದೆಯ ನಡುವೆ ಪೂಕರೆ ಎಂಬ ಅಲಂಕರಿಸಿದ ಕಂಬವನ್ನು ನೆಡುತ್ತಿದ್ದರು. ಈಗಲೂ ನೆಡುವ ಊರುಗಳಿವೆ. ಅಲ್ಲಿ ಎದುರಾಳಿ ಇಲ್ಲ. ಎರಡು ಕರೆಗಳನ್ನು ಅಕ್ಕಪಕ್ಕದಲ್ಲಿ ನಿರ್ಮಿಸಿದ ಜೋಡುಕರೆ ಕಂಬಳ ಬಂದ ಮೇಲೆ ಎದುರಾಳಿ ಹುಟ್ಟಿದ. ಆಮೇಲೆ ಸೆಕೆಂಡಿನ ನೂರನೆಯ ಭಾಗವನ್ನು ಹಿಡಿಯುವ ಯಂತ್ರ ಬಂತು. ಪ್ರಾಣಿಗಳ ಹಿಂಸೆಯ ಪ್ರಶ್ನೆಯೂ ಎದ್ದಿತು. 2014ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಕಂಬಳ ನಿಲ್ಲುವಂತಾಗಿ, ರಾಜ್ಯವು 2017ರಲ್ಲಿ ಕಾನೂನು ತಿದ್ದಿ, ಆ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು.

ಎದುರಾಳಿಯಿಲ್ಲದ ಹಳೆಯ ಹಬ್ಬದಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಮಾತ್ರ ತಿಳಿಯಬಾರದು. ಗದ್ದೆಯ ಒಡೆಯನ ಹಿರಿಮೆಯನ್ನು ಮೆರೆಸುವುದೂ ಅದರ ಕೆಲಸವಾಗಿತ್ತು. ಕಂಬಳ ತೊಡಗುವ ಮೊದಲು ಕೊರಗ ಸಮುದಾಯದ ಜನರನ್ನು ಕೋಣಗಳಂತೆ ಓಡಿಸುವ ಕ್ರೂರ ಪದ್ಧತಿ ಇತ್ತು. 2000ದಲ್ಲಿ ಕರ್ನಾಟಕ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ತಂದಾಗ, ಶಿಕ್ಷಾರ್ಹವಾದ ಆಚರಣೆಗಳಲ್ಲಿ ಇದನ್ನೂ ಹೆಸರಿಸಬೇಕಾಯಿತು. ಲಗೋರಿಯ ಮಗುವನ್ನು ಲೆಕ್ಕಕ್ಕೆ ಹಿಡಿಯದಿದ್ದುದು ಪ್ರೀತಿಯಿಂದ. ಅದು ಬೆಳೆದಂತೆ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಒಂದು ಇಡೀ ಸಮುದಾಯವನ್ನು ತಲೆಮಾರುಗಳ ಕಾಲ ಆಟಕ್ಕೆ ಕರೆದರು, ಲೆಕ್ಕಕ್ಕೆ ಕರೆಯಲಿಲ್ಲ. ಆಟವನ್ನು ಬಲ್ಲವನು ಅಂಕಣದಲ್ಲಿ ಯಾರು ಗೆದ್ದರೆಂದು ಕೇಳಿ ಸುಮ್ಮನಾಗಲಾರನು. ಯಾರನ್ನು ಎಣಿಸಿದರು, ಯಾರನ್ನು ಎಣಿಸಲಿಲ್ಲ ಎಂದೂ ಕೇಳುತ್ತಾನೆ. ಅಂಕಪಟ್ಟಿ ಇದಕ್ಕೆ ಉತ್ತರ ಕೊಡುವುದಿಲ್ಲ.

ಇಂದಿನ ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳೊಡನೆ ಕನೆಹಲಗೆ ಎಂಬ ವಿಭಾಗವೂ ಇದೆ. ಅದರಲ್ಲಿ ಓಟಗಾರನು ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಕೋಣಗಳು ಹಲಗೆಯನ್ನು ಎಳೆದೋಡಿದಂತೆ ತೂತುಗಳಿಂದ ಕೆಸರುನೀರು ಬಾಣದಂತೆ ಮೇಲಕ್ಕೆ ಚಿಮ್ಮುತ್ತದೆ. ಎತ್ತರದಲ್ಲಿ ಅಡ್ಡವಾಗಿ ಕಟ್ಟಿದ ಬಟ್ಟೆಗೆ ನಿಶಾನೆ ಎಂದು ಹೆಸರು. ಅದರ ಎತ್ತರವನ್ನು ಕೋಲಿನ ಅಳತೆಯಲ್ಲಿಯೇ ಹೇಳುತ್ತಾರೆ: ಆರೂವರೆ ಕೋಲು, ಏಳೂವರೆ ಕೋಲು. ನೀರು ನಿಶಾನೆಯನ್ನು ಮುಟ್ಟಿತೆ ಇಲ್ಲವೆ ಎಂಬುದಷ್ಟೇ ಪ್ರಶ್ನೆ. ಬಟ್ಟೆ ಒದ್ದೆಯಾದರೆ ಗದ್ದೆಯ ಸುತ್ತ ನಿಂತವರೆಲ್ಲರಿಗೂ ಅದು ಕಾಣುತ್ತದೆ. ಮರುದಿನ ಪತ್ರಿಕೆಯಲ್ಲಿ ಫಲಿತಾಂಶದ ಪಟ್ಟಿ ಬರುತ್ತದೆ. ಅದರಲ್ಲಿ ಕೋಣಗಳನ್ನು ಸಾಕಿದವರ ಊರು, ಮನೆ, ಹೆಸರು ಮೊದಲು ಇರುತ್ತವೆ. ಓಡಿಸಿದವರ ಹೆಸರು ಅದರ ಕೆಳಗೆ.